ಅಜ್ಜನ ಮನೆಯ ಚಿತ್ರ: ಜಲವರ್ಣವಾ, ಪ್ರಿಂಟಾ?

ಕೊಡಿಯಾಲ್‌ಬೈಲ್, ಮಂಗಳೂರು:
ಅಜ್ಜನ ಮನೆ ಚಾವಡಿಯಲ್ಲಿದ್ದ ಮಹಾಬಲಿಪುರದ ಗುಹಾ ದೇವಸ್ಥಾನದ ಚಿತ್ರ ಈಗ ನಮ್ಮ ಪಾಲಿಗೆ ಬಂದಿದೆ. ಅಡಿಯಲ್ಲಿ ಥಾಮಸ್ ಡೇನಿಯಲ್ ಅಂತ ಉಂಟು. ಬಣ್ಣ ಕೈಯಲ್ಲೇ ಹಚ್ಚಿದ ಹಾಗೆ ಕಾಣ್ತದೆ. ಮೂಲ ಜಲವರ್ಣ ಆಗಿರಬಹುದಾ? ಆಕಾಶದಲ್ಲೆಲ್ಲ ಕಂದು ಚುಕ್ಕೆ. ಫ್ರೇಮ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಸಿ ಅಂತಾರೆ.

ನಿವೃತ್ತ ಡ್ರಾಯಿಂಗ್ ಮಾಷ್ಟ್ರು, ಉಡುಪಿ:
ಲ್ಯಾಮಿನೇಷನ್ ಮಾತ್ರ ಬೇಡ ಮಾರಾಯ್ರೆ! ಒಮ್ಮೆ ಅಂಟಿದರೆ ಕಾಗದ ಹಾಳಾಗದೆ ಬಿಡಿಸಲಿಕ್ಕಾಗುವುದಿಲ್ಲ.

ಭೂತಗನ್ನಡಿಯಲ್ಲಿ ಆಕಾಶದ ಭಾಗ ನೋಡಿ. ಸಾಲುಸಾಲಾಗಿ ಬಣ್ಣದ ಚುಕ್ಕೆ ಕಂಡರೆ ಇತ್ತೀಚಿನ ಪ್ರಿಂಟು. ಬಣ್ಣದಡಿ ಅಂಕುಡೊಂಕಾದ ಸಣ್ಣ ಬಲೆಯ ಹಾಗಿದ್ದು, ಚಿತ್ರದ ಸುತ್ತ ತಾಮ್ರದ ತಗಡು ಒತ್ತಿದ ತಗ್ಗು ಇದ್ದರೆ ಅಕ್ವಾಟಿಂಟ್, ಅಂದರೆ ಆಮ್ಲದಲ್ಲಿ ಕೊರೆದ ತಗಡಿನಿಂದ ತೆಗೆದ ಅಚ್ಚು. ಜಲವರ್ಣದಲ್ಲಿ ಇವೆರಡೂ ಇರುವುದಿಲ್ಲ, ಪೆನ್ಸಿಲ್ ಗೆರೆ ಇಣುಕುತ್ತದೆ.

ಇಂಗ್ಲಿಷ್ ಚಿತ್ರಕಾರ ಥಾಮಸ್ ಮತ್ತು ಅವನ ಸಹೋದರನ ಮಗ ವಿಲಿಯಂ 1792–93ರಲ್ಲಿ ದಕ್ಷಿಣ ಭಾರತ ಸುತ್ತಿದವರು. ಆಮೇಲೆ ಲಂಡನ್ನಿನಲ್ಲಿ 1795ರಿಂದ 1808ರವರೆಗೆ ‘ಓರಿಯೆಂಟಲ್ ಸೀನರಿ’ ಎಂದು 144 ಚಿತ್ರ ಅಚ್ಚು ಹಾಕಿಸಿದರು. ಅಚ್ಚಾದ ಮೇಲೆ ಒಂದೊಂದಕ್ಕೂ ಕೈಯಲ್ಲೇ ಬಣ್ಣ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ.

ಗೆರೆ ನೋಡಿ ಅಂತ ಮಕ್ಕಳಿಗೂ ಹೇಳುತ್ತಿದ್ದೆ. ಕ್ಯಾಮೆರಾ ಅಬ್ಸ್ಕ್ಯೂರಾ (ಎದುರಿನ ದೃಶ್ಯವನ್ನು ಕಾಗದದ ಮೇಲೆ ಬೀಳಿಸುವ ಪೆಟ್ಟಿಗೆ) ಇಟ್ಟುಕೊಂಡು ಸ್ಥಳದಲ್ಲೇ ಬರೆದದ್ದು ಅದು, ಕಂಬದ ಅಳತೆ ನಂಬಬಹುದು. ಬಣ್ಣ ಸೇರಿದ್ದು ಸಮುದ್ರದಾಚೆ. ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದುರು ಕೂತು ಬರೆಯುವಾಗ ಕಲ್ಲಿನ ಬಣ್ಣ ಗಂಟೆಗೊಂದು ರೀತಿ. ನೆನಪಿನಿಂದ ಅದನ್ನು ಹಿಡಿಯುವುದು ಬಹಳ ಕಷ್ಟ.

ಕೊಡಿಯಾಲ್‌ಬೈಲ್:
ನೋಡಿದೆ ಮಾಷ್ಟ್ರೇ. ಬಲೆಯ ಹಾಗೇ ಉಂಟು, ಸುತ್ತ ತಗ್ಗೂ ಉಂಟು. ಕಂದು ಚುಕ್ಕೆ ರಬ್ಬರಿನಲ್ಲಿ ಉಜ್ಜಬಹುದಾ?

ಸುರತ್ಕಲ್:
ನಮ್ಮಲ್ಲೂ ಹಳೇ ಫೋಟೋಗಳಿಗೆ ಇದೇ ಗತಿ. ಮಳೆ ಹೊಡೆಯುವ ಗೋಡೆಯಿಂದ ತೆಗೆದ ಮೇಲೆ ಬೂಷ್ಟು ನಿಂತಿತು.

ನಿವೃತ್ತ ಡ್ರಾಯಿಂಗ್ ಮಾಷ್ಟ್ರು:
ಹಾಗಾದರೆ ಅಕ್ವಾಟಿಂಟೇ, ಸಂತೋಷ! ಉಜ್ಜಬೇಡಿ, ಬಣ್ಣವೇ ಎದ್ದು ಬಂದೀತು. ಸುರತ್ಕಲ್‌ನವರು ಹೇಳಿದ್ದು ಸರಿ, ಒಳಗೋಡೆಗೇ ಹಾಕಿ, ಬಿಸಿಲೂ ತಾಗಬಾರದು. ಹಿಂದಿನ ಪ್ಲೈವುಡ್ ತೆಗೆಸಿ ಆಮ್ಲರಹಿತ ಬೋರ್ಡು ಹಾಕಿಸಿ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ಮೌಂಟ್ (ರಟ್ಟಿನ ಅಂಚು) ಇರಲಿ. ಚುಕ್ಕೆ ತೆಗೆಸಲೇಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ. ನನ್ನನ್ನು ಕೇಳಿದರೆ ಚುಕ್ಕೆ ಇದ್ದರೂ ಅಡ್ಡಿಯಿಲ್ಲ, ಹೆಚ್ಚಾಗದಿದ್ದರೆ ಸಾಕು.