ಆಘಾತದಿಂದ ಹುಟ್ಟುವ ಸೈಕೋಸಿಸ್: ಡೆನ್ಮಾರ್ಕಿನ ವೈದ್ಯರು ಇದನ್ನು ಬೇರೆಯಾಗಿಯೇ ಏಕೆ ಇಟ್ಟರು?

ಪ್ರಶ್ನೆ (ಮನೋವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ)

ಸೈಕೋಸಿಸ್‌ಗಳಲ್ಲಿ (ವಾಸ್ತವದ ಅರಿವು ತಪ್ಪುವ ಮನೋರೋಗಗಳಲ್ಲಿ) ಸ್ಕಿಜೋಫ್ರೇನಿಯಾ ಮತ್ತು ಉನ್ಮಾದ-ಖಿನ್ನತೆ ಎಂಬ ಎರಡು ದೊಡ್ಡ ಗುಂಪುಗಳಿವೆ ಎಂಬ ಜರ್ಮನ್ ಮನೋವೈದ್ಯ ಕ್ರೇಪಲಿನ್ನರ ವಿಂಗಡಣೆಯಿಂದಲೇ ನಮ್ಮ ಪಾಠ ಆರಂಭವಾಗುತ್ತದೆ. ಆದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹಳೆಯ ಎಂಟನೆಯ ಆವೃತ್ತಿಯಾದ ಐಸಿಡಿ-8ರಲ್ಲಿ 298ನೆಯ ಸಂಕೇತದಡಿ ‘ರಿಯಾಕ್ಟಿವ್’ (ಆಘಾತಕ್ಕೆ ಪ್ರತಿಕ್ರಿಯೆಯಾಗಿ ಬರುವ) ಸೈಕೋಸಿಸ್‌ಗಳನ್ನು ಕಂಡೆ. ಇವುಗಳ ಮೂಲ ಸ್ಕ್ಯಾಂಡಿನೇವಿಯಾ ಎಂದು ನಮ್ಮ ಗುರುಗಳು ಹೇಳಿದರು. ಅಲ್ಲಿನ ವೈದ್ಯರು ಈ ಮೂರನೆಯ ಗುಂಪನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದೇಕೆ? ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಮನೋವೈದ್ಯರು)

ಇದರ ಬೇರು 1916ರಲ್ಲಿದೆ. ರೋಸ್ಕಿಲ್ಡ ಬಳಿಯ ಸಾಂಕ್ಟ್ ಹಾನ್ಸ್ ಆಸ್ಪತ್ರೆಗೆ ನೂರು ವರ್ಷ ತುಂಬಿದಾಗ ಹೊರಬಂದ ಸಂಪುಟದಲ್ಲಿ ಡೆನ್ಮಾರ್ಕಿನ ಮನೋವೈದ್ಯ ಆಗಸ್ಟ್ ವಿಮ್ಮರ್ ಅವರು ಮನೋಜನ್ಯ (ಮಾನಸಿಕ ಕಾರಣದಿಂದ ಹುಟ್ಟುವ, ಮುಂದೆ ‘ರಿಯಾಕ್ಟಿವ್’ ಎನಿಸಿದ) ಸೈಕೋಸಿಸ್‌ಗಳ ಬಗ್ಗೆ ದೀರ್ಘವಾಗಿ ಬರೆದರು. ಮೊದಲೇ ಸೂಕ್ಷ್ಮ ಪ್ರಕೃತಿಯವರಾದವರಲ್ಲಿ ಮನಸ್ಸಿಗೆ ತಗುಲಿದ ಪೆಟ್ಟಿನಿಂದ ರೋಗ ಹುಟ್ಟುತ್ತದೆ, ಅದರ ಏರಿಳಿತವೂ ಭ್ರಮೆಯ ಹೂರಣವೂ ಆ ಪೆಟ್ಟನ್ನೇ ಅನುಸರಿಸುತ್ತವೆ, ರೋಗಿ ಸಾಮಾನ್ಯವಾಗಿ ಗುಣವಾಗುತ್ತಾನೆಯೇ ಹೊರತು ಬುದ್ಧಿ ಕುಸಿದುಹೋಗುವುದಿಲ್ಲ ಎಂಬುದು ಅವರ ನಿಲುವು. ಆ ಕಾಲದ ಯುರೋಪಿನ ಸೆರೆಮನೆಗಳ ಉದಾಹರಣೆಯನ್ನೇ ನೋಡಿ: ಒಂಟಿ ಕೋಣೆಯಲ್ಲಿ ಕೂಡಿಹಾಕಿದ ಕೈದಿಗೆ ತನಗೆ ಕ್ಷಮಾದಾನ ಸಿಕ್ಕಿದೆ, ಬಾಗಿಲಾಚೆ ಜನ ಅದನ್ನೇ ಮಾತನಾಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ ಬಲಿಯುತ್ತದೆ, ಅವನನ್ನು ಆ ಕೋಣೆಯಿಂದ ಹೊರತಂದ ಮೇಲೆ ಅದು ಕ್ರಮೇಣ ಕರಗುತ್ತದೆ. ಇಂಥವನಿಗೆ ಸ್ಕಿಜೋಫ್ರೇನಿಯಾದ ಹಣೆಪಟ್ಟಿ ಹಚ್ಚುವುದು ಅನ್ಯಾಯ ಎಂದು ನಾನೂ ನಂಬುತ್ತೇನೆ.

ಈ ವಿಚಾರ ಅಲ್ಲಿ ಬಾಳಿದ್ದಕ್ಕೆ ಇನ್ನೊಂದು ಕಾರಣ ರೋಗಿಯನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡುವ ಪದ್ಧತಿ. ದೇಶ ಚಿಕ್ಕದು, ದಾಖಲೆ ಅಚ್ಚುಕಟ್ಟು. ಎರಿಕ್ ಸ್ಟ್ರೋಮ್‌ಗ್ರೆನ್ ಅವರು 1930ರ ದಶಕದಲ್ಲಿ ಬೋರ್ನ್‌ಹೋಮ್ ದ್ವೀಪದ ಜನರ ನಡುವೆ ಅಧ್ಯಯನ ನಡೆಸಿ, 1945ರಿಂದ ಆರ್ಹುಸ್‌ನ ರಿಸ್ಕೋವ್ ಆಸ್ಪತ್ರೆಯನ್ನು ಮುನ್ನಡೆಸಿದರು. ಐಸಿಡಿ-8ರಲ್ಲಿ ಈ ಗುಂಪಿಗೆ ಜಾಗ ಸಿಕ್ಕಿದ್ದರಲ್ಲಿ ಅವರ ಪಾತ್ರ ದೊಡ್ಡದು. ನಾರ್ವೆಯ ಗಾಬ್ರಿಯೆಲ್ ಲಾಂಗ್‌ಫೆಲ್ಟ್ ಅವರೂ 1939ರಲ್ಲಿ, ನಿಜವಾದ ಸ್ಕಿಜೋಫ್ರೇನಿಯಾದಿಂದ ‘ಸ್ಕಿಜೋಫ್ರೇನಿಫಾರ್ಮ್’ (ಅದನ್ನು ಹೋಲುವ) ಸ್ಥಿತಿಗಳನ್ನು ಬೇರ್ಪಡಿಸಿದ್ದು ರೋಗಿಗಳು ಮುಂದೆ ಏನಾದರು ಎಂಬುದನ್ನು ನೋಡಿಯೇ.

ಉತ್ತರ 2 (ವೈದ್ಯಕೀಯ ಇತಿಹಾಸದ ಅಧ್ಯಾಪಕರು)

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ವಿಮ್ಮರ್ ಅವರ ಕ್ಲಿನಿಕ್‌ನ ರೋಗಿಗಳನ್ನು ಪೌಲ್ ಫೇರ್ಗಮನ್ ಅವರು ವರ್ಷಗಳ ನಂತರ ಹುಡುಕಿ ಪರಿಶೀಲಿಸಿದಾಗ, ಮನೋಜನ್ಯ ಎಂದು ಬರೆದಿದ್ದ ಕೆಲವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡಿತ್ತು. ಯಾರ ಬದುಕಿನಲ್ಲಿ ಆಘಾತವಿಲ್ಲ? ಸಾವು, ಸಾಲ, ಮುರಿದ ಮದುವೆ, ಯಾವುದನ್ನಾದರೂ ಹುಡುಕಿ ತೆಗೆದು ಅದನ್ನೇ ಕಾರಣವೆನ್ನುವುದು ಸುಲಭ. ಈ ತೊಡಕಿಗೆ ಉತ್ತಮ ಪರಿಹಾರ ಸೂಚಿಸಿದವರು ಸ್ವೀಡನ್ನಿನ ಎರಿಕ್ ಎಸೆನ್-ಮೊಲ್ಲರ್ ಎಂಬುದು ನನ್ನ ಅಭಿಪ್ರಾಯ. ಲಕ್ಷಣವನ್ನು ಒಂದು ಸಾಲಿನಲ್ಲಿ, ಕಾರಣವನ್ನು ಇನ್ನೊಂದು ಸಾಲಿನಲ್ಲಿ ಪ್ರತ್ಯೇಕವಾಗಿ ದಾಖಲಿಸಬೇಕೆಂದು ಅವರು 1947ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸಲಹೆಯಿತ್ತರು. ಹಾಗೆ ಮಾಡಿದರೆ ಕಾರಣದ ಬಗೆಗಿನ ಊಹೆ ತಪ್ಪಿದರೂ ಕಣ್ಣಾರೆ ಕಂಡ ಲಕ್ಷಣದ ದಾಖಲೆ ಕೆಡುವುದಿಲ್ಲ. ಅದೇ ವರ್ಷ ಅವರು ಮೂವರು ಸಂಗಡಿಗರೊಂದಿಗೆ ದಕ್ಷಿಣ ಸ್ವೀಡನ್ನಿನ ಲುಂಡ್‌ಬಿ ಪ್ರದೇಶದ 2,550 ನಿವಾಸಿಗಳ ಸಮೀಕ್ಷೆ ನಡೆಸಿದರು. ಆಸ್ಪತ್ರೆಯ ಮೆಟ್ಟಿಲು ಹತ್ತದವರನ್ನೂ ವೈದ್ಯರೇ ಭೇಟಿಯಾಗಿ ಮಾತನಾಡಿಸಿದ ಕೆಲಸವದು.

ಉತ್ತರ 3 (ನಿವೃತ್ತ ಮನೋವೈದ್ಯರು)

ಆಕ್ಷೇಪ ಸರಿಯಾದದ್ದೇ. ಆದರೂ ಡೇನರು ಐಸಿಡಿ-9ನ್ನು ಬಳಸದೆ 1993ರ ಕೊನೆಯವರೆಗೂ ಐಸಿಡಿ-8ನ್ನೇ ಇಟ್ಟುಕೊಂಡಿದ್ದರಿಂದ ಈ ರೋಗನಿದಾನ ಅಲ್ಲಿ ಬಹುಕಾಲ ಬಳಕೆಯಲ್ಲಿತ್ತು. ವಿದ್ಯಾರ್ಥಿನಿಗೆ ಒಂದು ಮಾತು: ನಮ್ಮ ವಾರ್ಡುಗಳಲ್ಲಿ ನೀವು ಬರೆಯುವ ಎಫ್23, ಅಂದರೆ ದಿಢೀರನೆ ಬಂದು ಬೇಗ ಇಳಿಯುವ ಸೈಕೋಸಿಸ್, ಐಸಿಡಿ-10ರಲ್ಲಿ ಈ ಹಳೆಯ ಗುಂಪಿನ ಬಹುಪಾಲನ್ನು ಒಳಗೊಂಡಿದೆ, ಆಘಾತ ಇತ್ತೇ ಇಲ್ಲವೇ ಎಂಬುದನ್ನು ಅಲ್ಲಿ ಹೆಚ್ಚುವರಿ ಅಂಕೆಯಿಂದ ಸೂಚಿಸುತ್ತಾರೆ. ಎಸೆನ್-ಮೊಲ್ಲರ್ ಕೇಳಿದ್ದು ಸುಮಾರಾಗಿ ಇದನ್ನೇ.