ಮಳೆಗಾಲದ ಆಗುಂಬೆ, ಮ್ಯಾಕ್ರೋ ಫೋಟೋಗ್ರಫಿ: ತೀರ್ಥಹಳ್ಳಿ ಲಾಡ್ಜಾ, ಹತ್ತಿರದ ಹೋಂಸ್ಟೇನಾ?

ಹಸಿರೆಲೆ:
ಜುಲೈ ಮೂರನೇ ವಾರ ಮೂರು ರಾತ್ರಿ, ನಾಲ್ಕು ಜನ. ಮಲಬಾರ್ ಪಿಟ್ ವೈಪರ್ ಹಾವು, ಹಾರುವ ಕಪ್ಪೆಯ ತೀರಾ ಹತ್ತಿರದ (ಮ್ಯಾಕ್ರೋ) ಫೋಟೋ ತೆಗೆಯಬೇಕು. ತೀರ್ಥಹಳ್ಳಿಯಲ್ಲಿ ಎಸಿ ರೂಮ್ ಸಿಗ್ತಿದೆ, ಆಗುಂಬೆ ಪಕ್ಕ ಸಾದಾ ಹೋಂಸ್ಟೇ ಇದೆ. ಒಬ್ಬರಿಗೆ ಮಂಡಿನೋವು. ಯಾವುದು ಒಳ್ಳೇದು?

ಘಟ್ಟದಂಚು:
ಹೋಂಸ್ಟೇ, ಎರಡು ಮಾತಿಲ್ಲ. ನಿಮಗೆ ಬೇಕಾದ ಜೀವಿಗಳು ಚುರುಕಾಗೋದೇ ಕತ್ತಲಾದ ಮೇಲೆ. ರಾತ್ರಿ ಹತ್ತೂವರೆಗೆ ಕೆಲಸ ಮುಗಿಸಿ, ಮಂಜು ಕವಿದ ರಸ್ತೆಯಲ್ಲಿ 30 ಕಿ.ಮೀ. ದಾಟಿ ಹೋಗೋದು ಬೇಡ. ಆ ಹೊತ್ತಲ್ಲಿ ಕಪ್ಪೆ, ಹಾವು ರಸ್ತೆ ಮೇಲೇ ಇರ್ತವೆ, ಚಕ್ರಕ್ಕೆ ಸಿಕ್ಕಿಬಿಡ್ತವೆ.

ಅನುಮತಿ ಇಲ್ಲದೆ ರಾತ್ರಿ ಕಾಡಿಗೆ ಕಾಲಿಡೋ ಹಾಗಿಲ್ಲ. ಹಾಗಾಗಿ ಸ್ವಂತ ಅಡಿಕೆ ತೋಟ, ಹಳ್ಳದ ಅಂಚು ಇರೋ ಮನೆ ಹುಡುಕಿ. ಫೋನಲ್ಲಿ ಒಂದು ಮಾತು ಕೇಳಿ: "ತೊಟ್ಟಿ, ಕೆರೆ ಮೇಲೆ ಬಾಗಿರೋ ಎಲೆಗಳಲ್ಲಿ ನೊರೆಗೂಡು ಕಟ್ಟಿದೆಯಾ?" ಹಾರುವ ಕಪ್ಪೆ ಮೊಟ್ಟೆ ಇಡೋದು ಆ ಬಿಳಿ ನೊರೆಯೊಳಗೆ, ಮರಿಗಳು ನೇರ ಕೆಳಗಿನ ನೀರಿಗೆ ಬೀಳ್ತವೆ. ಗೂಡು ಇದ್ದರೆ ಅಂಗಳ ಬಿಟ್ಟು ದೂರ ಹೋಗೋದೇ ಬೇಕಿಲ್ಲ, ಮಂಡಿನೋವಿನವರಿಗೂ ಅನುಕೂಲ. ಅವರಿಗೆ ನೆಲಮಹಡಿ ರೂಮು, ವೆಸ್ಟರ್ನ್ ಕಮೋಡ್ ಇದೆಯಾ ಅಂತ ಕೇಳಿಕೊಳ್ಳಿ.

ಮಸೂರ:
ಎಸಿ ಬೇಡವೇ ಬೇಡ. ತಣ್ಣಗಾದ ಲೆನ್ಸ್ ಹೊರಗಿನ ತೇವದ ಗಾಳಿಗೆ ಬಂದ ಕೂಡಲೇ ಮುಂದಿನ ಗಾಜು ಬೆವರುತ್ತೆ. ಒರೆಸಿದರೆ ಮತ್ತೆ ಕಟ್ಟುತ್ತೆ, ಗಾಜು ಬೆಚ್ಚಗಾಗೋವರೆಗೂ ಕಾಯಬೇಕು.

ಸಾದಾ ರೂಮಿನ ತೊಂದರೆ ಬೇರೆ: ಆರದ ತೇವ. ಬ್ಯಾಗಿನ ಫೋಮ್ ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತೆ, ರಾತ್ರಿ ಕ್ಯಾಮೆರಾ ಅದರಲ್ಲಿ ಇಡಬೇಡಿ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್ 200 ಗ್ರಾಂ, ಚಿಕ್ಕದೊಂದು ತೇವಮಾಪಕ. ಮಾಪಕ ಶೇಕಡಾ 40ರಿಂದ 50 ತೋರಿಸ್ತಿರಲಿ. 60 ದಾಟಿದ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತೆ. ಡಬ್ಬಿಗೆ ಹಾಕೋ ಮುಂಚೆ ಒರೆಸಿ, ಫ್ಯಾನಿನಡಿ ಅರ್ಧ ಗಂಟೆ ಇಡಿ. ಒದ್ದೆ ಸ್ಟ್ರಾಪ್ ಕಳಚಿ ಹೊರಗೇ ಬಿಡಿ. ಎಷ್ಟೋ ಜನ ಮರೆಯೋದು ಇದನ್ನೇ.

ಕರೆಂಟು ಹೋಗೋದು ಸಾಮಾನ್ಯ. ಇನ್ವರ್ಟರ್ ಇದೆ ಅಂದರೆ ಸಾಲದು, ಪ್ಲಗ್ ಪಾಯಿಂಟಿಗೂ ಬರುತ್ತಾ ಕೇಳಿ. ಹಲವು ಮನೆಗಳಲ್ಲಿ ದೀಪ, ಫ್ಯಾನಿಗೆ ಮಾತ್ರ ಕೊಟ್ಟಿರ್ತಾರೆ. ಫ್ಲ್ಯಾಶಿಗೆ ನಾಲ್ಕು ಸೆಲ್ ಬೇಕಾದರೆ ಹನ್ನೆರಡು ತನ್ನಿ.

ಹಸಿರೆಲೆ:
ಧನ್ಯವಾದ ಸರ್. ಬಟ್ಟೆ, ಶೂ ಒಣಗಿಸೋದು ಹೇಗೆ? ಉಂಬಳಕ್ಕೆ ಏನು ಮಾಡೋದು?

ಘಟ್ಟದಂಚು:
ಶೂ ಬೇಡ, ಗಂಬೂಟು ತನ್ನಿ. ಒಳಗೆ ಮಂಡಿವರೆಗಿನ ಲೀಚ್ ಸಾಕ್ಸ್, ಹೊರಗೆ ಹೊಗೆಸೊಪ್ಪು ನೆನೆಸಿದ ನೀರು ಸವರಿ; ಮಳೆಗೆ ತೊಳೆದು ಹೋಗುತ್ತೆ, ಮತ್ತೆ ಮತ್ತೆ ಹಚ್ಚಬೇಕು. ಆ ಕೈಯಲ್ಲಿ ಕಪ್ಪೆ ಕೂತ ಎಲೆ ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಹೀರುತ್ತೆ. ಕಚ್ಚಿದ ಉಂಬಳವನ್ನು ಅದರ ಬಾಯಿ ಅಂಟಿರೋ ಜಾಗದಲ್ಲಿ ಉಗುರಿಂದ ಸರಿಸಿ ಬಿಡಿಸಿ.

ಬಟ್ಟೆಗೆ ಬಚ್ಚಲ ಒಲೆಯೇ ಗತಿ. ಹಂಡೆ ಕಾಯಿಸೋ ಮನೆಯಾದರೆ ಒಲೆ ಮೇಲಿನ ಗಳುವಿಗೆ ಹಾಕಿ, ಬೆಳಗ್ಗೆಗೆ ಆರಿರುತ್ತೆ. ಗಂಬೂಟನ್ನು ಮಾತ್ರ ಒಲೆ ಹತ್ತಿರ ಇಡಬೇಡಿ, ರಬ್ಬರ್ ಬಿರಿಯುತ್ತೆ. ಒಳಗೆ ಪೇಪರ್ ತುರುಕಿಟ್ಟರೆ ಸಾಕು. ಬೆಳಗ್ಗೆ ಹಾಕೋ ಮುಂಚೆ ತಲೆಕೆಳಗು ಮಾಡಿ ಕೊಡವಿ.