ಪುಟ್ಟನ ಅಸೆಸ್‌ಮೆಂಟ್ ವಿಷಯ, ಸ್ವಲ್ಪ ಉದ್ದ ಆಯಿತು

ತಂಗೀ, ನಿನ್ನ ಮೆಸೇಜು ಈಗ ಪೂರ್ತಿ ಕೇಳಿದೆ. ಕೆಲಸ ಮುಗಿಸಿಕೊಂಡು ಕೂತು ಇದನ್ನು ಕೇಳು. ಪುಟ್ಟ ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ, ಸ್ಕೂಲ್ ಗೇಟಿನ ಹತ್ತಿರ ಕೈ ಬಿಡುವುದಿಲ್ಲ, ಟೀಚರ್ ‘ಒಂದು ಸಲ ಅಸೆಸ್‌ಮೆಂಟ್ ಮಾಡಿಸಿ’, ಅಂದರೆ ಅವನ ಮನಸ್ಸು, ಗಮನ, ಬೆಳವಣಿಗೆ ಹೇಗಿದೆ ಅಂತ ತಜ್ಞರ ಹತ್ತಿರ ನೋಡಿಸಿ, ಅಂದರು, ಹೋಗಲಾ ಬೇಡವಾ ಅಂತ ನೀನು ಕೇಳಿದೆ. ಚಿಕ್ಕಮ್ಮ ‘ದೊಡ್ಡವನಾದರೆ ತಾನಾಗೇ ಸರಿಹೋಗುತ್ತದೆ’ ಅಂದರು. ಭಾವ ‘8 ವರ್ಷದ ಮಗುವಿಗೆ ಸುಮ್ನೆ ಹಣೆಪಟ್ಟಿ ಯಾಕೆ’ ಅಂದರು.

ನಾನು ಹೋಗು ಅನ್ನುವವಳು. ಯಾಕೆ ಅಂತ ಹೇಳುತ್ತೇನೆ.

ನನ್ನ ಮಗಳ ಕಥೆ ನಿಮಗೆಲ್ಲ ಅರ್ಧ ಮಾತ್ರ ಗೊತ್ತು. ಸ್ಕೂಲಿನಲ್ಲಿ ‘ಒಳ್ಳೆ ಹುಡುಗಿ, ಸದ್ದೇ ಇಲ್ಲ’ ಅನ್ನುತ್ತಿದ್ದರು. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಅಳು. ಹೋಮ್‌ವರ್ಕ್‌ನ ಒಂದೇ ಸಾಲನ್ನು ಹಾಳೆ ಹರಿಯುವ ತನಕ ರಬ್ಬರಿನಲ್ಲಿ ಉಜ್ಜುತ್ತಿದ್ದಳು. ಭಯ ಜಾಸ್ತಿ ಅಂತ ಎರಡು ವರ್ಷ ಭಯಕ್ಕಷ್ಟೇ ಮದ್ದು ಮಾಡಿದೆವು. ಧೈರ್ಯ ಹೇಳಿದೆವು, ಉಸಿರಾಟದ ಅಭ್ಯಾಸ ಕಲಿಸಿದೆವು. ಒಬ್ಬ ಡಾಕ್ಟರಂತೂ ‘ಮಾರ್ಕ್ಸ್ ಚೆನ್ನಾಗಿ ಬರುತ್ತಿದೆ, ಓಡಾಡಿ ಗಲಾಟೆ ಮಾಡುವುದಿಲ್ಲ, ಎಡಿಎಚ್‌ಡಿ ಹೇಗಿರುತ್ತದೆ’ ಅಂತ ಕಳಿಸಿಬಿಟ್ಟರು. ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ, ಇಲ್ಲವೇ ಸುಮ್ನೆ ಕೂರಲಾಗದ ತೊಂದರೆ.

ಆಮೇಲೆ ಒಂದು ದಿನ ಅವಳೇ ಹೇಳಿದಳು. ಟೀಚರ್ ‘ಪುಸ್ತಕ ತೆಗೆಯಿರಿ, ತಾರೀಕು ಬರೆಯಿರಿ, ಮೂರನೇ ಲೆಕ್ಕ ಬಿಟ್ಟು ನಾಲ್ಕನೆಯದು ಮಾಡಿ’ ಅನ್ನುತ್ತಾರಂತೆ. ಇವಳು ಬ್ಯಾಗಿನಲ್ಲಿ ಪುಸ್ತಕ ಹುಡುಕುವಷ್ಟರಲ್ಲಿ ಮಿಕ್ಕಿದ್ದೆಲ್ಲ ಮರೆತುಹೋಗಿರುತ್ತದಂತೆ. ಮೆಲ್ಲಗೆ ಪಕ್ಕದವಳ ಪುಸ್ತಕ ನೋಡಿ ಬರೆಯುವುದು, ಸಿಕ್ಕಿಬೀಳುತ್ತೇನೇನೋ ಅಂತ ದಿನವಿಡೀ ನಡುಗುವುದು. ಹಾಗಿದ್ದರೆ ಯಾರಿಗೆ ಭಯ ಆಗುವುದಿಲ್ಲ ಹೇಳು? ಅಸೆಸ್‌ಮೆಂಟ್ ಮಾಡಿಸಿದಾಗ ಗಮನ ನಿಲ್ಲದ ಬಗೆಯ ಎಡಿಎಚ್‌ಡಿ ಅಂತ ಗೊತ್ತಾಯಿತು. ಈ ಬಗೆಯಲ್ಲಿ ಗಲಾಟೆ ಇರಲೇಬೇಕು ಅಂತೇನಿಲ್ಲ. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳದ್ದು ತಡವಾಗಿ ಗೊತ್ತಾಗುತ್ತದೆ.

ಹಾಗಂತ ಪುಟ್ಟನಿಗೂ ಅದೇ ಅನ್ನುತ್ತಿಲ್ಲ. ಬರೀ ಆತಂಕವೇ ಇರಬಹುದು. ಹಾಗಿದ್ದರೆ ಅದನ್ನೂ ಅಸೆಸ್‌ಮೆಂಟ್ ಮಾಡುವವರೇ ಹೇಳುತ್ತಾರೆ, ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಅದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆತಂಕ ಇದೆ ಅಂದ ಮಾತ್ರಕ್ಕೆ ಬೇರೇನೂ ಇಲ್ಲ ಅಂತಲ್ಲ. ಆಟಿಸಂ ಅಂದರೆ ಜನರ ಜೊತೆ ಬೆರೆಯುವುದು, ಸದ್ದು, ಬದಲಾವಣೆ ಇವೆಲ್ಲ ಕಷ್ಟವಾಗಬಹುದಾದ ಬೆಳವಣಿಗೆಯ ವ್ಯತ್ಯಾಸ. ಅದು ಇರುವ 100 ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ಆತಂಕದ ತೊಂದರೆಯೂ ಇರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ 2013ರ ತನಕ ಆಟಿಸಂ, ಎಡಿಎಚ್‌ಡಿ ಎರಡನ್ನೂ ಒಂದೇ ಮಗುವಿಗೆ ಹೇಳುವ ಹಾಗೇ ಇರಲಿಲ್ಲ. ಈಗ ಹೇಳಬಹುದು. ಯಾರಾದರೂ ‘ಅದಿದ್ದರೆ ಇದಿರುವುದಿಲ್ಲ’ ಅಂದರೆ ಹಳೇ ಲೆಕ್ಕ ಅಂದುಕೋ.

ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ ಇಡು. ‘ಇವತ್ತೂ ಅತ್ತ’ ಅಂತ ಬರೆಯಬೇಡ. ಅಳುವ ಮುಂಚೆ ಏನಾಯಿತು ಅಂತ ಬರಿ. ನಿನ್ನನ್ನು ಬಿಟ್ಟಿರುವ ಭಯವಾ? ಕ್ಲಾಸಿನ ಸದ್ದಾ? ಟೈಮ್‌ಟೇಬಲ್ ಬದಲಾದ ದಿನವಾ? ಆಟದ ಹೊತ್ತಿನಲ್ಲಿ ಹುಡುಗರ ಜೊತೆ ಹೇಗೆ ಸೇರಬೇಕು ಅಂತ ಗೊತ್ತಾಗದಿದ್ದದ್ದಾ? ರಜೆಯಲ್ಲಿ ಖುಷಿಯಾಗಿದ್ದಾಗಲೂ ಇವುಗಳಲ್ಲಿ ಯಾವುದು ಉಳಿಯುತ್ತದೆ ಅಂತ ನೋಡು, ಅದು ತುಂಬಾ ಮುಖ್ಯ. ಆತಂಕ ಬಂದು ಹೋಗಬಹುದು, ಆಟಿಸಂ, ಎಡಿಎಚ್‌ಡಿ ಥರದ ಬೆಳವಣಿಗೆಗೆ ಸಂಬಂಧಿಸಿದ್ದು ಚಿಕ್ಕಂದಿನಿಂದ ಜೊತೆಗೇ ಇರುತ್ತದೆ. ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷದೊಳಗೇ ಲಕ್ಷಣ ಇದ್ದಿರಬೇಕು, ಮನೆ ಸ್ಕೂಲು ಎರಡೂ ಕಡೆ ಕಾಣಬೇಕು. ಅಸೆಸ್‌ಮೆಂಟ್‌ನಲ್ಲಿ ಟೀಚರಿಗೂ ಪ್ರಶ್ನೆಗಳ ಫಾರ್ಮ್ ಕೊಡುವುದು ಅದಕ್ಕೇ. ಹಾಗೇ ಕಣ್ಣು, ಕಿವಿ, ನಿದ್ದೆ ನೋಡಿಸಿಬಿಡು. ಯಾರಾದರೂ ಕಾಡಿಸುತ್ತಿದ್ದಾರಾ ಅಂತಲೂ ಮೆತ್ತಗೆ ಕೇಳು.

ಅಲ್ಲಿ ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಇದನ್ನು ರಕ್ತ ಪರೀಕ್ಷೆಯಲ್ಲಿ ಹೇಳಲು ಬರುವುದೇ ಇಲ್ಲ. ನಿಮ್ಮ ಹತ್ತಿರ ತುಂಬಾ ಹೊತ್ತು ಮಾತಾಡುತ್ತಾರೆ, ಅವನ ಜೊತೆ ಆಡುತ್ತಾರೆ, ಕೆಲವು ಒಗಟಿನಂಥ ಟೆಸ್ಟು ಕೊಡುತ್ತಾರೆ. ಒಂದೇ ದಿನದಲ್ಲಿ ಮುಗಿಯದೇ ಇರಬಹುದು. ‘ಆತಂಕ, ಗಮನ, ಆಟಿಸಂ ಮೂರನ್ನೂ ನೋಡುತ್ತೀರಾ, ರಿಪೋರ್ಟ್ ಬರೆದು ಕೊಡುತ್ತೀರಾ’ ಅಂತ ಮೊದಲೇ ಕೇಳಿಕೋ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು ತೀರ್ಮಾನಕ್ಕೆ ಬರಬೇಡ.

ಭಾವ, ಹಣೆಪಟ್ಟಿ ಅಂದಿರಿ. ಕಳೆದ ಸಲ ನಾವೆಲ್ಲ ಸೇರಿದಾಗ ಅವನನ್ನು ‘ಹೆದರುಪುಕ್ಕಲ’ ಅಂತ ಕರೆದದ್ದು ಯಾರು? ನಾವೇ ಅಲ್ವಾ. ನಾನೂ ನಕ್ಕಿದ್ದೆ, ಆಮೇಲೆ ಕೆಟ್ಟನಿಸಿತು. ರಿಪೋರ್ಟ್ ನಿಮ್ಮ ಕೈಯಲ್ಲಿರುತ್ತದೆ, ಯಾರಿಗೆ ತೋರಿಸಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಚಿಕ್ಕಮ್ಮ, ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ, ಕೆಲವು ಭಯ ವಯಸ್ಸಿನ ಜೊತೆ ಹೋಗುತ್ತದೆ. ಆದರೆ ಹೊಟ್ಟೆನೋವು ಅಂದ ದಿನವೆಲ್ಲ ಮನೆಯಲ್ಲಿ ಉಳಿಸಿಕೊಂಡರೆ ಭಯ ಬೆಳೆಯುತ್ತದೆ. ಆ ನೋವು ನಾಟಕವೂ ಅಲ್ಲ, ಹೆದರಿಕೆಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಅದಕ್ಕೇ ತಂಗೀ, ಅಪಾಯಿಂಟ್‌ಮೆಂಟ್ ಸಿಗುವ ತನಕ ಸುಮ್ನೆ ಕೂರಬೇಡ. ನಾಳೆ ಏನೇನಿದೆ ಅಂತ ರಾತ್ರಿಯೇ ಅವನಿಗೆ ಬರೆದು ತೋರಿಸು. ಗೇಟಿನ ಹತ್ತಿರ ಅವನನ್ನು ಒಳಗೆ ಕರೆದುಕೊಂಡು ಹೋಗಲು ಪರಿಚಯದ ಒಬ್ಬ ಟೀಚರ್ ಇರಲಿ. ನನ್ನ ಮಗಳಿಗೆ ಇವೆರಡೇ ಎಷ್ಟೋ ನೆರವಾದವು.

ಅವನಿಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡ. ‘ನಿನಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ತಿಳಿದುಕೊಳ್ಳಲು ಹೋಗುತ್ತಿದ್ದೇವೆ’ ಅನ್ನು, ಸಾಕು.

ಹಾಂ, ಚಿಕ್ಕವನಿದ್ದಾಗ ಹೇಗಿದ್ದ ಅಂತ ಖಂಡಿತ ಕೇಳುತ್ತಾರೆ. 3 ವರ್ಷದವನಿದ್ದಾಗ ನಮ್ಮನೆಯಲ್ಲಿ ಹದಿನೈದು ದಿನ ಇದ್ದನಲ್ಲ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಿದ್ದ. ಆಗ ತಮಾಷೆ ಅಂತ ವಿಡಿಯೋ ಮಾಡಿದ್ದೆ. ಹಳೇ ಫೋನಿನಲ್ಲಿದೆ, ಹುಡುಕಿ ನಿನಗೊಬ್ಬಳಿಗೇ ಕಳಿಸುತ್ತೇನೆ.